ಲಾಲ್‌ಬಾಗ್ ಬಂಡೆಯಲ್ಲಿ ಇಲ್ಲದ್ದು ದೇವರ ಪೆಟ್ಟಿಗೆಗೆ ಬಂದದ್ದು ಹೇಗೆ?

ಕರ್ನಾಟಕದಲ್ಲಿ ಎಲ್ಲಿ ಅಗೆದರೂ ಅಮೊನೈಟ್, ಅಂದರೆ ಕಲ್ಲಾಗಿ ಉಳಿದ ಹಳೆಯ ಕಡಲಪ್ರಾಣಿಯ ಸುರುಳಿ ಚಿಪ್ಪು, ಸಿಗುವುದಿಲ್ಲ. ಕೋಲಾರದ ಗಣಿಯ ತಳಕ್ಕೆ ಇಳಿದರೂ ಇಲ್ಲ, ಮುಳ್ಳಯ್ಯನಗಿರಿಯ ತುದಿಗೆ ಹತ್ತಿದರೂ ಇಲ್ಲ. ಆದರೆ ನಮ್ಮ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿ ಒಂದಾದರೂ ಇದೆ. ದಿನಾ ಅದಕ್ಕೆ ಅಭಿಷೇಕ ಆಗುತ್ತದೆ, ಮೇಲೊಂದು ತುಳಸಿ ದಳ ಬೀಳುತ್ತದೆ, ಅದೇ ನೀರು ತೀರ್ಥವಾಗಿ ಅಂಗೈಗೆ ಬರುತ್ತದೆ. ನಾವು ಅದನ್ನು ಸಾಲಿಗ್ರಾಮ ಅನ್ನುತ್ತೇವೆ.

ನಮ್ಮ ಮನೆಯದ್ದು ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು. ಕಪ್ಪಗೆ, ನುಣ್ಣಗೆ ಇದೆ. ಒಂದು ಬದಿಯಲ್ಲಿ ಸಣ್ಣ ಬಾಯಿ. ಚಿಕ್ಕವನಿದ್ದಾಗ ಅದನ್ನು ಮುಟ್ಟಲು ಬಿಡುತ್ತಿರಲಿಲ್ಲ. ಒಮ್ಮೆ ಅಜ್ಜ ಪೂಜೆ ಮುಗಿಸಿ ಒರೆಸಿಡುವಾಗ ಟಾರ್ಚ್ ಬಿಟ್ಟು ತೋರಿಸಿದರು. ಒಳಗಿನ ಗೋಡೆಯ ಮೇಲೆ ಚಕ್ಕುಲಿ ಒತ್ತಿ ತೆಗೆದ ಹಾಗೆ ಸುರುಳಿಯ ಅಚ್ಚು. ಸುರುಳಿಯ ಉದ್ದಕ್ಕೂ ಸಣ್ಣ ಸಣ್ಣ ಏಣು. "ವಜ್ರಕೀಟ ಕೊರೆದದ್ದು ಕಣೋ ಅದು" ಅಂದರು.

ಅಜ್ಜನ ಮಾತಿನಲ್ಲಿ ಒಂದು ಪ್ರಾಣಿ ಇತ್ತಲ್ಲ, ಅದು ಸರಿ. ಅದು ಕಲ್ಲನ್ನು ಕೊರೆಯಲಿಲ್ಲ, ತನ್ನ ಚಿಪ್ಪನ್ನು ಕಟ್ಟಿಕೊಂಡಿತು. ಕಲ್ಲು ಆಮೇಲೆ ಬಂದದ್ದು. 1782ರಲ್ಲೇ ಪಿಯರ್ ಸೊನ್ನೆರಾ ಎಂಬ ಫ್ರೆಂಚ್ ಪ್ರವಾಸಿ ತನ್ನ ಭಾರತ ಪ್ರವಾಸದ ಪುಸ್ತಕದಲ್ಲಿ ಸಾಲಿಗ್ರಾಮ ಅಂದರೆ ಕಲ್ಲಾದ ಚಿಪ್ಪು, ಯುರೋಪಿನಲ್ಲಿ 'ಅಮೊನನ ಕೊಂಬು' ಅಂತ ಕರೆಯುವ ಜಾತಿಯದ್ದು ಎಂದು ಬರೆದಿಟ್ಟಿದ್ದ. ಅಮೊನ್ ಈಜಿಪ್ಟಿನ ದೇವರು, ಟಗರಿನ ಕೊಂಬು ಇರುವವನು. ಅಮೊನೈಟ್ ಎಂಬ ಹೆಸರು ಅಲ್ಲಿಂದ ಬಂತು. ಇಂಗ್ಲೆಂಡಿನ ವಿಟ್ಬಿ ಊರಿನವರಿಗೆ ಇದೇ ಸುರುಳಿ ಹಾವಾಗಿ ಕಂಡಿತು. ಸಂತ ಹಿಲ್ಡಾ ಊರಿನ ಹಾವುಗಳನ್ನೆಲ್ಲ ಕಲ್ಲು ಮಾಡಿದಳಂತೆ. ಹಾವಿಗೆ ತಲೆ ಎಲ್ಲಿ ಅಂತ ಗಿರಾಕಿಗಳು ಕೇಳಿಯಾರು ಎಂದು ವ್ಯಾಪಾರಿಗಳು ಕಲ್ಲಿಗೆ ತಲೆಯನ್ನೂ ಕೆತ್ತಿ ಮಾರುತ್ತಿದ್ದರು! ಅಲ್ಲಿ ಸಿಗುವ ಒಂದು ಅಮೊನೈಟ್ ಕುಲಕ್ಕೆ ಇವತ್ತಿಗೂ ಹಿಲ್ಡೊಸೆರಾಸ್ ಅಂತಲೇ ಹೆಸರು. ನಮ್ಮವರಿಗೆ ಅದು ವಿಷ್ಣುವಿನ ಚಕ್ರ.

ಬೊಂಡಾಸಿನ ನೆಂಟ

ಮಲ್ಪೆ, ಮಂಗಳೂರು ಕಡೆ ಬೊಂಡಾಸ್ ಅಂತ ತಿನ್ನುತ್ತಾರಲ್ಲ, ಸ್ಕ್ವಿಡ್, ಅಮೊನೈಟ್ ಅದರ ದೂರದ ನೆಂಟ. ಆಕ್ಟೋಪಸ್ ಕೂಡ ಅದೇ ಬಳಗ. ಮೆತ್ತನೆ ಮೈ, ತೋಳುಗಳು, ದೊಡ್ಡ ಕಣ್ಣು. ಒಂದೇ ವ್ಯತ್ಯಾಸ ಅಂದರೆ ಅಮೊನೈಟ್ ಮೈಹೊರಗೆ ಸುರುಳಿ ಚಿಪ್ಪು ಹೊತ್ತಿತ್ತು. ಇವತ್ತು ಬದುಕಿರುವ ಪ್ರಾಣಿಗಳಲ್ಲಿ ನೋಡಲು ಅದರ ಹಾಗೇ ಇರುವುದು ನಾಟಿಲಸ್. ವಿಚಿತ್ರ ಅಂದರೆ ಹೊರರೂಪ ಹಾಗಿದ್ದರೂ ರಕ್ತಸಂಬಂಧ ನೋಡಿದರೆ ಅಮೊನೈಟಿಗೆ ನಾಟಿಲಸ್‌ಗಿಂತ ಬೊಂಡಾಸೇ ಹತ್ತಿರ.

ಚಿಪ್ಪನ್ನು ಅಡ್ಡ ಕೊಯ್ದರೆ ಒಳಗೆ ಸಾಲು ಸಾಲು ಕೋಣೆಗಳು. ಪ್ರಾಣಿ ಇದ್ದದ್ದು ಕೊನೆಯ ಕೋಣೆಯಲ್ಲಿ ಮಾತ್ರ. ಬೆಳೆದು ಜಾಗ ಸಾಲದೆ ಹೋದಾಗ ಅದು ಮುಂದಕ್ಕೆ ಸರಿಯುತ್ತಿತ್ತು, ಹಿಂದೆ ಒಂದು ಗೋಡೆ ಕಟ್ಟುತ್ತಿತ್ತು. ಖಾಲಿ ಬಿಟ್ಟ ಕೋಣೆ ವ್ಯರ್ಥವಾಗುತ್ತಿರಲಿಲ್ಲ. ಎಲ್ಲ ಗೋಡೆಗಳನ್ನೂ ತೂರಿಕೊಂಡು ಒಂದು ಸಣ್ಣ ಕೊಳವೆ ಹೋಗುತ್ತದೆ. ಆ ಕೊಳವೆ ಕೋಣೆಯ ನೀರನ್ನು ನಿಧಾನಕ್ಕೆ ಹೀರುತ್ತಿತ್ತು, ಅಲ್ಲಿ ಗಾಳಿ ತುಂಬಿಕೊಳ್ಳುತ್ತಿತ್ತು. ಹಾಗಾಗಿ ಅಷ್ಟು ಭಾರದ ಚಿಪ್ಪು ಹೊತ್ತೂ ಮುಳುಗದೆ ತೇಲಾಡಬಹುದಿತ್ತು. ಜಲಾಂತರ್ಗಾಮಿಯ ಟ್ಯಾಂಕು ಮಾಡುವ ಕೆಲಸವೇ. ಈ ಕೊಳವೆ ನಾಟಿಲಸ್‌ನಲ್ಲಿ ಗೋಡೆಯ ನಡುವೆ ಇರುತ್ತದೆ, ಅಮೊನೈಟಿನಲ್ಲಿ ಸುರುಳಿಯ ಹೊರ ಅಂಚಿಗೆ ಅಂಟಿಕೊಂಡು ಇರುತ್ತದೆ. ಕೊಯ್ದ ಕಲ್ಲು ಕೈಗೆ ಸಿಕ್ಕಾಗ ನಾನು ಮೊದಲು ಹುಡುಕುವುದು ಇದನ್ನೇ.

ಕೊಯ್ಯದ ಕಲ್ಲಿನಲ್ಲಿ ನೋಡಬೇಕಾದ್ದು ಬೇರೆ. ಮೇಲಿನ ಚಿಪ್ಪು ಉದುರಿಹೋದ ಜಾಗದಲ್ಲಿ ಕೊತ್ತಂಬರಿ ಸೊಪ್ಪಿನ ಅಂಚಿನ ಹಾಗೆ ಅಂಕುಡೊಂಕು ಗೆರೆಗಳು ಕಾಣುತ್ತವೆ. ಎಷ್ಟು ಸೂಕ್ಷ್ಮ ಅಂದರೆ ಯಾರೋ ಕೂತು ಕುಸುರಿ ಮಾಡಿದ್ದಾರೆ ಅನ್ನಿಸುತ್ತದೆ. ಅವು ಆ ಒಳಗೋಡೆಗಳ ಅಂಚು. ಗೋಡೆ ಹೊರಚಿಪ್ಪಿಗೆ ಸೇರುವ ಜಾಗದಲ್ಲಿ ನೆರಿಗೆ ನೆರಿಗೆಯಾಗಿ ಮಡಚಿಕೊಳ್ಳುತ್ತಿತ್ತು. ಯಾಕೆ ಅಷ್ಟೊಂದು ನೆರಿಗೆ? ಆಳದ ನೀರಿನ ಒತ್ತಡ ತಡೆಯಲು ಅಂತ ಕೆಲವರು, ಮೈಯನ್ನು ಚಿಪ್ಪಿಗೆ ಗಟ್ಟಿಯಾಗಿ ಹಿಡಿಸಲು ಅಂತ ಕೆಲವರು. ಜಗಳ ಇನ್ನೂ ಮುಗಿದಿಲ್ಲ. ಆದರೆ ಯಾವ ವಂಶದ್ದು ಅಂತ ಗುರುತಿಸಲು ಈ ಗೆರೆ ಒಳ್ಳೆ ಸಾಕ್ಷಿ. ಹಳೆಯ ವಂಶಗಳಲ್ಲಿ ಗೆರೆ ಸರಳವಾಗಿ ಬಾಗಿರುತ್ತದೆ, ಹೊಸಬರಲ್ಲಿ ಕುಸುರಿ ಜಾಸ್ತಿ.

ಈ ವಂಶ ಶುರುವಾದದ್ದು ಸುಮಾರು 40 ಕೋಟಿ ವರ್ಷಗಳ ಹಿಂದೆ. 25 ಕೋಟಿ ವರ್ಷದ ಹಿಂದೆ ಸಮುದ್ರದ ಜೀವಿಗಳಲ್ಲಿ ಬಹುಪಾಲು ಅಳಿದಾಗ ಇವೂ ಹೆಚ್ಚುಕಡಿಮೆ ಮುಗಿದೇ ಹೋಗಿದ್ದವು. ಉಳಿದ ಒಂದೆರಡು ಕವಲಿನಿಂದ ಮತ್ತೆ ಲೋಕ ತುಂಬಾ ಹಬ್ಬಿದವು. ಉಗುರಿನಷ್ಟು ಸಣ್ಣವೂ ಇದ್ದವು. ಜರ್ಮನಿಯ ಸೆಪ್ಪೆನ್‌ರಾಡೆಯಲ್ಲಿ 1895ರಲ್ಲಿ ಸಿಕ್ಕ ಒಂದು ಅಮೊನೈಟ್ ಸುಮಾರು 1.8 ಮೀಟರ್ ಅಗಲ ಇದೆ. ಹಿಟ್ಟಿನ ಗಿರಣಿಯ ಕಲ್ಲು ಕೂಡ ಅದರ ಪಕ್ಕ ಪುಟಾಣಿ.

ಇಷ್ಟಿದ್ದೂ ನಮ್ಮಲ್ಲಿ ಯಾಕಿಲ್ಲ?

ಲಾಲ್‌ಬಾಗಿನ ಬಂಡೆ ಹತ್ತಿದವರಿಗೆ ಅಲ್ಲಿನ ಫಲಕ ಗೊತ್ತಿರುತ್ತದೆ. ಆ ಕಲ್ಲಿಗೆ ಸುಮಾರು 300 ಕೋಟಿ ವರ್ಷ. ಕಣ್ಣಿಗೆ ಕಾಣುವ ಪ್ರಾಣಿ ಭೂಮಿಯ ಮೇಲೆ ಹುಟ್ಟುವುದಕ್ಕೆ ಎಷ್ಟೋ ಮೊದಲು ಅದು ಗಟ್ಟಿಯಾಗಿತ್ತು. ಅಲ್ಲಿ ಅಮೊನೈಟ್ ಹುಡುಕುವುದು ಅಶೋಕನ ಶಾಸನದಲ್ಲಿ ಮೊಬೈಲ್ ನಂಬರ್ ಹುಡುಕಿದ ಹಾಗೆ.

ಸರಿ, ಶಹಾಬಾದ್ ಕಲ್ಲು? ಅದು ಸುಣ್ಣಕಲ್ಲು. ಹಳೆಯ ಮನೆಗಳ ನೆಲಕ್ಕೆಲ್ಲ ಅದೇ. ನಿಜವಾಗಿ ಸಮುದ್ರದ ತಳದಲ್ಲೇ ಪದರ ಪದರವಾಗಿ ಕೂತ ಕೆಸರು. ಬಾಗಲಕೋಟೆ ಕಡೆಯ ಕಲಾದಗಿ ಪದರಗಳಲ್ಲೂ ಸುಣ್ಣಕಲ್ಲಿದೆ. ಆದರೆ ಆ ಸಮುದ್ರಗಳಲ್ಲಿ ಚಿಪ್ಪಿನ ಪ್ರಾಣಿಯೇ ಇರಲಿಲ್ಲ, ಚಿಪ್ಪು ಕಟ್ಟುವುದನ್ನು ಜೀವಿಗಳು ಕಲಿತದ್ದು ಆಮೇಲೆ. ಮುಂದೆ ಅಮೊನೈಟುಗಳು ಮೆರೆಯುವ ಕಾಲಕ್ಕೆ ಕರ್ನಾಟಕದ ಮೇಲೆ ಸಮುದ್ರ ಇರಲಿಲ್ಲ, ಎತ್ತರದ ಒಣ ನೆಲವಾಗಿತ್ತು. ಸಮುದ್ರ ಇದ್ದಾಗ ಅವು ಇಲ್ಲ, ಅವು ಇದ್ದಾಗ ಸಮುದ್ರ ಇಲ್ಲ.

ಹಾಗಾಗಿ ನಮ್ಮ ದೇವರ ಪೆಟ್ಟಿಗೆಯ ಕಲ್ಲು ಬಂದದ್ದು ನೇಪಾಳದ ಕಾಳಿ ಗಂಡಕಿಯಿಂದ. ಒಂದು ಕಡೆ ಧವಳಗಿರಿ, ಇನ್ನೊಂದು ಕಡೆ ಅನ್ನಪೂರ್ಣ, ಎರಡೂ 8,000 ಮೀಟರ್ ದಾಟಿದ ಶಿಖರಗಳು. ನಡುವಿನ ಕಮರಿಯಲ್ಲಿ ನದಿ. ಮೇಲ್ಗಡೆ ಮುಕ್ತಿನಾಥ, 3,700 ಮೀಟರಿಗೂ ಎತ್ತರದಲ್ಲಿ. ಸಮುದ್ರದ ಪ್ರಾಣಿ ಅಷ್ಟು ಎತ್ತರಕ್ಕೆ ಹೋದದ್ದು ಹೇಗೆ ಅನ್ನುವುದಕ್ಕೆ ಉತ್ತರ: ಪ್ರಾಣಿ ಹತ್ತಲಿಲ್ಲ, ನೆಲ ಹತ್ತಿತು. ಭಾರತದ ಭೂಖಂಡ ಮತ್ತು ಏಷ್ಯಾದ ನಡುವೆ ಒಂದು ಸಮುದ್ರ ಇತ್ತು. 1893ರಲ್ಲಿ ಆಸ್ಟ್ರಿಯಾದ ಎಡ್ವರ್ಡ್ ಸ್ಯೂಸ್ ಅದಕ್ಕೆ ಟೆಥಿಸ್ ಅಂತ ಹೆಸರಿಟ್ಟ. ಸುಮಾರು 5 ಕೋಟಿ ವರ್ಷದ ಹಿಂದೆ ಭಾರತ ಹೋಗಿ ಏಷ್ಯಾಕ್ಕೆ ಡಿಕ್ಕಿ ಹೊಡೆಯಿತು. ನಡುವಿನ ಸಮುದ್ರ ಮುಚ್ಚಿಹೋಯಿತು, ತಳದ ಕೆಸರು ಮಡಚಿಕೊಂಡು ಮೇಲೆದ್ದು ಹಿಮಾಲಯವಾಯಿತು. ಎವರೆಸ್ಟಿನ ತುದಿಯ ಕಲ್ಲು ಕೂಡ ಕಡಲ ಸುಣ್ಣಕಲ್ಲೇ.

ಹಪ್ಪಳ ಮತ್ತು ಉಂಡೆ

ಸತ್ತ ಅಮೊನೈಟುಗಳೆಲ್ಲ ಕಲ್ಲಾಗುವುದಿಲ್ಲ. ಸಾಲಿಗ್ರಾಮದ ಹಾಗೆ ದುಂಡಗೆ ಉಳಿಯುವುದಂತೂ ಇನ್ನೂ ಅಪರೂಪ.

ಸತ್ತ ಪ್ರಾಣಿ ತಳಕ್ಕೆ ಬೀಳುತ್ತದೆ. ಅಲ್ಲಿ ಕಪ್ಪು ಕೆಸರು, ಆಮ್ಲಜನಕ ಕಡಿಮೆ. ಅದನ್ನು ಕೆದಕಿ ತಿನ್ನುವವರು ಯಾರೂ ಇಲ್ಲ. ಮೇಲೆ ಕೆಸರು ಬೀಳುತ್ತಾ ಹೋಗುತ್ತದೆ. ಲಕ್ಷಾಂತರ ವರ್ಷದ ಕೆಸರಿನ ಭಾರಕ್ಕೆ ಚಿಪ್ಪು ಅಪ್ಪಚ್ಚಿಯಾಗುತ್ತದೆ. ಕಪ್ಪು ಪದರಗಲ್ಲನ್ನು ಪುಸ್ತಕದ ಹಾಳೆ ಬಿಡಿಸಿದ ಹಾಗೆ ಬಿಡಿಸಿದರೆ ಇಂಥ ಅಮೊನೈಟುಗಳು ಕಾಣುತ್ತವೆ, ಹಪ್ಪಳದಷ್ಟು ತೆಳ್ಳಗೆ.

ಕೆಲವು ಕಡೆ ಮಾತ್ರ ಬೇರೆ ಕತೆ. ಪ್ರಾಣಿಯ ಮೈ ಕೊಳೆಯುವಾಗ ಸುತ್ತಲಿನ ನೀರಿನ ರಾಸಾಯನಿಕ ಗುಣ ಬದಲಾಗುತ್ತದೆ. ಅದರಿಂದ ಸುಣ್ಣದ ಅಂಶ ಆ ಜಾಗದಲ್ಲೇ ಹೆಪ್ಪುಗಟ್ಟಿ ಕೆಸರನ್ನು ಸಿಮೆಂಟಿನ ಹಾಗೆ ಬಿಗಿಯುತ್ತದೆ. ಮೇಲಿನ ಭಾರ ಬರುವ ಮೊದಲೇ ಚಿಪ್ಪಿನ ಸುತ್ತ ಗಟ್ಟಿ ಉಂಡೆ ಕಟ್ಟಿಕೊಂಡಿರುತ್ತದೆ. ಆಮೇಲೆ ಎಷ್ಟು ಒತ್ತಿದರೂ ಉಂಡೆ ಜಗ್ಗುವುದಿಲ್ಲ. ಸುತ್ತಲಿನ ಪದರಗಳೇ ಉಂಡೆಯ ಮೇಲೂ ಕೆಳಗೂ ಬಾಗಿಕೊಂಡು ಹೋಗುತ್ತವೆ. ಚಿಪ್ಪು ಹಾಗೇ ಉಳಿಯಬಹುದು, ಇಲ್ಲವೆ ಕರಗಿಹೋಗಿ ಅಚ್ಚು ಮಾತ್ರ ಉಳಿಯಬಹುದು. ನಮ್ಮ ಮನೆಯ ಸಾಲಿಗ್ರಾಮದ ಬಾಯಿಯೊಳಗೆ ಕಂಡದ್ದು ಅಚ್ಚು. ಕೆಲವು ಸಾಲಿಗ್ರಾಮಗಳಲ್ಲಿ ಚಿನ್ನದ ಬಣ್ಣದ ಮಿಂಚು ಕಾಣುತ್ತದಲ್ಲ, ಅದು ಪೈರೈಟ್. ಕಬ್ಬಿಣ ಮತ್ತು ಗಂಧಕ ಸೇರಿ ಆದದ್ದು. ಆಮ್ಲಜನಕ ಇಲ್ಲದ ಕೆಸರಿನಲ್ಲಿ ಕೆಲಸ ಮಾಡಿದ ಬ್ಯಾಕ್ಟೀರಿಯಾಗಳ ಗುರುತು ಅದು.

ಗಂಡಕಿಯ ಮೇಲ್ದಂಡೆಯಲ್ಲಿ ಈ ಉಂಡೆಗಳು ಹುದುಗಿರುವ ಕಪ್ಪು ಪದರಕ್ಕೆ ಭೂವಿಜ್ಞಾನಿಗಳು ಸ್ಪಿತಿ ಶೇಲ್ ಅನ್ನುತ್ತಾರೆ, ಶೇಲ್ ಅಂದರೆ ಪದರಗಲ್ಲು. ಜುರಾಸಿಕ್ ಕಾಲದ ಕೊನೆ, ಅಂದರೆ ಸುಮಾರು 15 ಕೋಟಿ ವರ್ಷದ ಆಸುಪಾಸಿನದು. ಹಿಮಾಚಲದ ಸ್ಪಿತಿಯಲ್ಲಿ ಮೊದಲು ಓದಿದ ಪದರವಾದ್ದರಿಂದ ಆ ಹೆಸರು. ಶೇಲ್ ಮೆದು, ಮಳೆಗೆ ಸವೆಯುತ್ತದೆ. ಉಂಡೆ ಗಟ್ಟಿ, ಹಾಗೇ ಉಳಿಯುತ್ತದೆ. ಮಳೆಗಾಲದಲ್ಲಿ ಗುಡ್ಡ ಜರಿದು ಉಂಡೆಗಳು ನದಿಗೆ ಉರುಳುತ್ತವೆ. ನದಿ ಅವನ್ನು ತಿಕ್ಕಿ ತಿಕ್ಕಿ ನುಣುಪು ಮಾಡುತ್ತದೆ. ಎಲ್ಲೋ ಒಂದು ಕಡೆ ಸವೆದು ತೂತು ಬಿದ್ದರೆ ಅದೇ ಬಾಯಿ. ನೀರು ಇಳಿದ ಮೇಲೆ ಸ್ಥಳೀಯರು, ಯಾತ್ರಿಕರು ಹರಳುಗಲ್ಲುಗಳ ನಡುವೆ ನಡೆದು ಆರಿಸುತ್ತಾರೆ. ಕಾಗ್‌ಬೇನಿ, ಮುಕ್ತಿನಾಥದ ದಾರಿಯಲ್ಲಿ ಹಲಗೆ ಹಾಕಿಕೊಂಡು ಮಾರುತ್ತಾರೆ. ಚಕ್ರ ಎಷ್ಟು, ಬಾಯಿ ಎಲ್ಲಿ, ಬಣ್ಣ ಯಾವುದು ನೋಡಿ ಇದು ಸುದರ್ಶನ, ಇದು ದಾಮೋದರ, ಇದು ಲಕ್ಷ್ಮೀನರಸಿಂಹ ಅಂತ ಹೇಳುತ್ತಾರೆ. ಕಲ್ಲಿನ ಆಕಾರವನ್ನು ಇಷ್ಟು ಗಮನವಿಟ್ಟು ನೋಡಿ ವಿಂಗಡಿಸಿದ ಇನ್ನೊಂದು ಸಂಪ್ರದಾಯ ನನಗೆ ಗೊತ್ತಿಲ್ಲ.

ವಿಳಾಸ ಕಳೆದುಕೊಂಡ ಕಲ್ಲು

ಆದರೆ ಭೂವಿಜ್ಞಾನಿಯ ಕೈಗೆ ಸಾಲಿಗ್ರಾಮ ಕೊಟ್ಟು ನೋಡಿ. ಎರಡು ಸಲ ತಿರುಗಿಸಿ, "ಎಲ್ಲಿ ಸಿಕ್ಕಿತು?" ಅನ್ನುತ್ತಾರೆ. ನದಿಯಲ್ಲಿ ಅಂದರೆ ಸ್ವಲ್ಪ ಬೇಜಾರು. ಯಾವ ಗುಡ್ಡ, ಎಷ್ಟನೇ ಪದರ, ಅದರ ಮೇಲೆ ಏನಿತ್ತು, ಕೆಳಗೆ ಏನಿತ್ತು? ನದಿ ಅದನ್ನೆಲ್ಲ ಅಳಿಸಿಬಿಟ್ಟಿದೆ.

ಅವರಿಗೆ ಕಲ್ಲಿಗಿಂತ ವಿಳಾಸ ಯಾಕೆ ಮುಖ್ಯ? ಹೊಲ ಉಳುವಾಗ ಟಿಪ್ಪು ಕಾಲದ ಆನೆ ಮುದ್ರೆಯ ಪೈಸೆ ಸಿಕ್ಕಿತು ಅಂದುಕೊಳ್ಳಿ. ನಾಣ್ಯಕ್ಕೆ ಬೆಲೆ ಎಷ್ಟು ಅನ್ನುವುದು ಒಂದು ಪ್ರಶ್ನೆ. ಅದು ಬಿದ್ದಿದ್ದ ಮಣ್ಣಿನ ಪದರ ಟಿಪ್ಪುವಿಗಿಂತ ಹಳೆಯದಲ್ಲ ಅನ್ನುವುದು ಇನ್ನೊಂದು ಉತ್ತರ. ಅದೇ ಪದರದಲ್ಲಿ ಸಿಕ್ಕ ಮಡಕೆ ಚೂರಿಗೂ, ಮೂಳೆಗೂ ಈಗ ಕಾಲ ಹೇಳಬಹುದು. ಅಮೊನೈಟ್ ಹೀಗೆ ಸಮುದ್ರದ ನಾಣ್ಯ. ಅವು ಬೇಗ ಬೇಗ ಬದಲಾದವು. ಒಂದು ಜಾತಿ ಬಂದು ಸ್ವಲ್ಪ ಕಾಲ ಇದ್ದು ಹೋದ ಮೇಲೆ ಇನ್ನೊಂದು, ಏಣುಗಳ ವಿನ್ಯಾಸವೇ ಬೇರೆ. ತೇಲಿಕೊಂಡು ದೂರ ದೂರದ ಕಡಲಿಗೂ ಹೋದವು. ಹಾಗಾಗಿ ಎರಡು ದೇಶಗಳ ಕಲ್ಲಿನಲ್ಲಿ ಒಂದೇ ಜಾತಿ ಸಿಕ್ಕರೆ ಎರಡೂ ಪದರ ಹೆಚ್ಚುಕಡಿಮೆ ಒಂದೇ ಕಾಲದ್ದು.

1850ರ ದಶಕದಲ್ಲಿ ಜರ್ಮನಿಯ ಆಲ್ಬರ್ಟ್ ಒಪ್ಪೆಲ್ ಈ ಉಪಾಯವನ್ನು ಗಟ್ಟಿ ಮಾಡಿದ. ಇವತ್ತು ವಾಯವ್ಯ ಯುರೋಪಿನ ಜುರಾಸಿಕ್ ಕಾಲವನ್ನು ಅಮೊನೈಟುಗಳ ಮೇಲೆ ಎಪ್ಪತ್ತಕ್ಕೂ ಹೆಚ್ಚು ವಲಯಗಳಾಗಿ ಹಂಚಿದ್ದಾರೆ. ಜುರಾಸಿಕ್ ಇದ್ದದ್ದು ಸುಮಾರು 5.6 ಕೋಟಿ ವರ್ಷ. ಲೆಕ್ಕ ಹಾಕಿ, ಒಂದೊಂದು ವಲಯಕ್ಕೆ ಸರಾಸರಿ ಎಂಟು ಲಕ್ಷ ವರ್ಷವೂ ಇಲ್ಲ. ಅಷ್ಟು ಹಳೆಯ ಕಾಲದಲ್ಲಿ ಇಷ್ಟು ಸಣ್ಣ ಮುಳ್ಳಿನ ಗಡಿಯಾರ! ಅದೂ ಪ್ರಯೋಗಾಲಯ ಬೇಡ, ಗುಡ್ಡದ ಬುಡದಲ್ಲಿ ನಿಂತು ಕಲ್ಲು ನೋಡಿಯೇ ಹೇಳಬಹುದು.

ಆದ್ದರಿಂದಲೇ ಸಂಗ್ರಹ ಮಾಡುವವರ ಚೀಲದಲ್ಲಿ ಸುತ್ತಿಗೆಗಿಂತ ಮುಖ್ಯವಾದ ವಸ್ತು ಪೆನ್ನು. ನಾನು ಇದನ್ನು ಕಲಿತದ್ದು ತಡವಾಗಿ. ನನ್ನ ಹತ್ತಿರ ಒಂದು ಬಿಸ್ಕತ್ತಿನ ಡಬ್ಬಿ ತುಂಬಾ ಚೆಂದದ ತುಂಡುಗಳಿವೆ, ಎಲ್ಲಿ ಹೆಕ್ಕಿದ್ದು ಅಂತ ಒಂದರ ಮೇಲೂ ಬರೆದಿಲ್ಲ. ನೆನಪಿರುತ್ತೆ ಬಿಡು ಅಂದುಕೊಂಡಿದ್ದೆ. ನೆನಪಿಲ್ಲ. ಈಗ ಅವು ಸುಮ್ನೆ ಪೇಪರ್ ಮೇಲಿಡುವ ಭಾರ.

ಕಡಲು ತಿನ್ನುವ ಮೊದಲು

ಅಮೊನೈಟ್ ಆರಿಸುವುದಕ್ಕೆ ಲೋಕದಲ್ಲೇ ಹೆಸರಾದ ಜಾಗ ಇಂಗ್ಲೆಂಡಿನ ಡಾರ್ಸೆಟ್ ಕರಾವಳಿ. ಲೈಮ್ ರೀಜಿಸ್, ಪಕ್ಕದಲ್ಲಿ ಚಾರ್ಮೌತ್. ಪಕ್ಕದ ಪೂರ್ವ ಡೆವನ್ ಸೇರಿ ಈ ಸುಮಾರು 155 ಕಿಲೋಮೀಟರ್ ತೀರ 2001ರಿಂದ ವಿಶ್ವಪರಂಪರೆಯ ತಾಣ. ಬೂದು ಜೇಡಿ ಒಂದು ಪದರ, ಸುಣ್ಣಕಲ್ಲು ಒಂದು ಪದರ, ಮತ್ತೆ ಜೇಡಿ, ಮತ್ತೆ ಸುಣ್ಣಕಲ್ಲು, ಹೀಗೆ ಕಡಲಿಗೆ ಮುಖ ಮಾಡಿ ನಿಂತ ಗುಡ್ಡಗಳು. ಕಲ್ಲಿಗೆ 19-20 ಕೋಟಿ ವರ್ಷ. ಚಳಿಗಾಲದ ಮಳೆಗೆ ಜೇಡಿ ನೆನೆದು ಜಾರುತ್ತದೆ, ಬಿರುಗಾಳಿಯ ಅಲೆ ಬಂದು ಕೆಸರು ತೊಳೆದು ಹೋಗುತ್ತದೆ, ಕಲ್ಲು ಉಳಿಯುತ್ತದೆ. ಹಾಗಾಗಿ ಹುಡುಕುವವರಿಗೆ ಸುಗ್ಗಿ ಅಂದರೆ ಕೆಟ್ಟ ಹವೆಯ ಮರುದಿನ.

ಇಲ್ಲಿಯೇ ಮೇರಿ ಆ್ಯನಿಂಗ್ (1799–1847) ಇದ್ದಳು. ಅಪ್ಪ ಬಡಗಿ, 1810ರಲ್ಲಿ ತೀರಿಕೊಂಡ. ಮನೆ ನಡೆಸಲು ತೀರದಲ್ಲಿ ಅಮೊನೈಟ್ ಆರಿಸಿ ಪ್ರವಾಸಿಗರಿಗೆ ಮಾರಿದ ಹುಡುಗಿ ಮುಂದೆ ಇಕ್ತಿಯೋಸಾರ್, ಪ್ಲೀಸಿಯೋಸಾರ್ ಎಂಬ ಹಳೆಯ ಕಡಲ ಸರೀಸೃಪಗಳ ಪೂರ್ತಿ ಅಸ್ಥಿಪಂಜರಗಳನ್ನೇ ಹೊರತೆಗೆದಳು. 1833ರಲ್ಲಿ ಅವಳ ಕಣ್ಣೆದುರೇ ಗುಡ್ಡ ಜರಿದು ಜೊತೆಗಿದ್ದ ನಾಯಿ ಟ್ರೇ ಸತ್ತಿತು. ಕೂದಲೆಳೆಯಲ್ಲಿ ಅವಳು ಉಳಿದಳು. ಅಲ್ಲಿ ಇವತ್ತಿಗೂ ಮೊದಲ ನಿಯಮ ಅದೇ: ಗುಡ್ಡದ ಬುಡಕ್ಕೆ ಹೋಗಬೇಡಿ, ಗುಡ್ಡಕ್ಕೆ ಸುತ್ತಿಗೆ ಹಾಕಬೇಡಿ. ಎರಡನೆಯದು ಉಬ್ಬರದ ಲೆಕ್ಕ. ನೀರು ಇಳಿಯುವಾಗ ಹೊರಟು, ಏರಲು ಶುರುವಾಗುವ ಮೊದಲು ವಾಪಸ್. ತಡವಾದರೆ ಹಿಂದೆ ಗುಡ್ಡ, ಮುಂದೆ ನೀರು.

ಸುತ್ತಿಗೆಯೇ ಇಲ್ಲದೆ ಸಿಗುವುದು ಪೈರೈಟ್ ಅಮೊನೈಟ್. ನಾಣ್ಯದಷ್ಟು, ಅದಕ್ಕಿಂತಲೂ ಸಣ್ಣದು, ಹಿತ್ತಾಳೆಯ ಹಾಗೆ ಮಿನುಗುತ್ತದೆ. ತೂಕ ಜಾಸ್ತಿ ಇರುವುದರಿಂದ ಅಲೆ ಅವನ್ನು ದೂರ ಒಯ್ಯುವುದಿಲ್ಲ. ಅಕ್ಕಿ ಕೇರಿದಾಗ ಕಲ್ಲು ಮೊರದ ಒಂದು ಕಡೆ ಸೇರುತ್ತದಲ್ಲ, ಹಾಗೆ ಭಾರದ ವಸ್ತುಗಳೆಲ್ಲ ಒಂದೊಂದು ಕಡೆ ಒಟ್ಟಾಗಿರುತ್ತವೆ. ತುಕ್ಕು ಹಿಡಿದ ಮೊಳೆ, ಕಬ್ಬಿಣದ ಚೂರು ಕಂಡ ಜಾಗದಲ್ಲಿ ಮಂಡಿಯೂರಿ ಕೂತು ನೋಡಬೇಕು. ನಿಂತು ನೋಡಿದರೆ ಏನೂ ಕಾಣುವುದಿಲ್ಲ.

ಉಂಡೆ ಒಡೆಯುವುದು ಬೇರೆ ಆಟ. ದುಂಡಗಿನ ಬೂದುಗಲ್ಲು ಸಿಕ್ಕಿತು, ಪಕ್ಕದಲ್ಲಿ ಸುರುಳಿಯ ಬೆನ್ನಿನ ಒಂದು ಸಣ್ಣ ಗೆರೆ ಇಣುಕಿದೆ ಅನ್ನಿ. ಕಣ್ಣಿಗೆ ಕನ್ನಡಕ ಕಡ್ಡಾಯ, ಚೂರು ಗುಂಡಿನ ಹಾಗೆ ಹಾರುತ್ತದೆ. ನಡು ನೆತ್ತಿಗೆ ಹೊಡೆದರೆ ಅಮೊನೈಟೇ ನಾಲ್ಕು ಹೋಳು. ಅಂಚಿನ ಮೇಲೆ, ಸುತ್ತ ತಿರುಗಿಸುತ್ತಾ, ತೆಂಗಿನಕಾಯಿ ಹೋಳು ಮಾಡುವಾಗ ಕತ್ತಿಯ ಬೆನ್ನಲ್ಲಿ ತಟ್ಟುತ್ತೇವಲ್ಲ, ಹಾಗೆ ತಟ್ಟಬೇಕು. ಮೊದಮೊದಲು ಸದ್ದು ಗಟ್ಟಿ ಇರುತ್ತದೆ, ಆಮೇಲೆ ಸ್ವಲ್ಪ ಟೊಳ್ಳು ಸದ್ದು ಬರುತ್ತದೆ. ಒಳಗೆ ಬಿರುಕು ಬಿಟ್ಟಿತು ಅಂತ ಅರ್ಥ. ಇನ್ನೊಂದೆರಡು ಏಟಿಗೆ ಬಿಡುತ್ತದೆ. ಬಹಳ ಸಲ ಒಳಗೆ ಏನೂ ಇರುವುದಿಲ್ಲ. ಇದ್ದರೂ ಹೊಳೆಯುವ ಸುರುಳಿ ಒಂದೇ ಏಟಿಗೆ ಎದ್ದು ಬರುವುದಿಲ್ಲ. ಗಾಳಿಯ ಒತ್ತಡದಲ್ಲಿ ಓಡುವ ಸಣ್ಣ ಉಳಿಯಿಂದ ದಿನಗಟ್ಟಲೆ ಕೆರೆಯಬೇಕು. ಅಂಗಡಿಯಲ್ಲಿ ಒಂದು ಅಮೊನೈಟಿಗೆ ಹೇಳುವ ಬೆಲೆಯಲ್ಲಿ ಮುಕ್ಕಾಲು ಪಾಲು ಈ ಕೂಲಿಯೇ ಅಂತ ನನಗನ್ನಿಸುತ್ತದೆ.

ಅಷ್ಟು ದೊಡ್ಡ ಪರಂಪರೆಯ ತಾಣದಿಂದ ಕಲ್ಲು ಒಯ್ಯಲು ಬಿಡುತ್ತಾರಾ ಅಂತ ಕೇಳಬಹುದು. ಪಶ್ಚಿಮ ಡಾರ್ಸೆಟ್‌ನಲ್ಲಿ ಬಿಡುತ್ತಾರೆ. ಬಿದ್ದದ್ದನ್ನು ಆರಿಸಬಹುದು. ಅಪರೂಪದ್ದು ಸಿಕ್ಕರೆ ನೋಂದಣಿ ಮಾಡಿಸಬೇಕು, ಮಾರುವುದಿದ್ದರೆ ಮೊದಲು ಮ್ಯೂಸಿಯಂಗಳಿಗೆ ಕೇಳಬೇಕು. ಕಾರಣ ಸರಳ. ನೀವು ಎತ್ತದಿದ್ದರೆ ಮುಂದಿನ ವಾರದ ಅಲೆ ಅದನ್ನು ಪುಡಿ ಮಾಡುತ್ತದೆ.

ನಮಗೆ ಹತ್ತಿರದ ಕಡಲುಗಳು

ಈ ಕಾರಣವನ್ನು ನಮ್ಮ ದೇಶಕ್ಕೆ ಹಾಗೇ ತರಲಾಗುವುದಿಲ್ಲ. ಬೆಂಗಳೂರಿನಿಂದ ಬೆಳಗಿನ ಜಾವ ಸೇಲಂ ದಾರಿ ಹಿಡಿದರೆ ಸಂಜೆಯೊಳಗೆ ಪೆರಂಬಲೂರು ಜಿಲ್ಲೆಯ ಕಾರೈ ಮುಟ್ಟಬಹುದು. ಹಸಿರೇ ಇಲ್ಲದ, ಕೊರಕಲು ಬಿದ್ದ ಜೇಡಿ ದಿಬ್ಬಗಳು. ಬಿಸಿಲಿಗೆ ಜಿಪ್ಸಮ್ ಗಾಜಿನ ಚೂರಿನ ಹಾಗೆ ಹೊಳೆಯುತ್ತದೆ. ಕಾಲಡಿಯಲ್ಲಿ ಬುಲೆಟ್ ಆಕಾರದ ಬೆಲೆಮ್ನೈಟುಗಳು, ಅವೂ ಬೊಂಡಾಸ್ ಬಳಗದವೇ. ಪಕ್ಕದ ಅರಿಯಲೂರಿನವರೆಗೂ ಹಬ್ಬಿರುವ ಈ ಪದರಗಳೆಲ್ಲ ಜುರಾಸಿಕ್ ಆದ ಮೇಲೆ ಬಂದ ಕ್ರಿಟೇಶಿಯಸ್ ಕಾಲದವು. ಕಾರೈ ಪದರಕ್ಕೆ ಸುಮಾರು 10 ಕೋಟಿ ವರ್ಷ. ಭಾರತದ ಪೂರ್ವ ತೀರ ಹಳೆಯ ದಕ್ಷಿಣ ಭೂಖಂಡದಿಂದ ಹರಿದು ಬೇರೆಯಾದ ಮೇಲೆ ಒಳನುಗ್ಗಿದ ಕಡಲು ಬಿಟ್ಟು ಹೋದದ್ದು. ಅರಿಯಲೂರಿನ ಸಿಮೆಂಟ್ ಕಾರ್ಖಾನೆಗಳು ಅರೆಯುವುದೂ ಅದೇ ಕಡಲಿನ ಸುಣ್ಣವನ್ನು.

ಇಲ್ಲಿನ ಅಮೊನೈಟುಗಳನ್ನು 1860ರ ದಶಕದಲ್ಲಿ ಕೂತು ಒಂದೊಂದಾಗಿ ವರ್ಣಿಸಿದವನು ಫರ್ಡಿನಾಂಡ್ ಸ್ಟೋಲಿಚ್ಕಾ. ಈಗಿನ ಚೆಕ್ ದೇಶದ ಮೊರಾವಿಯಾದವನು, 1838ರಲ್ಲಿ ಹುಟ್ಟಿದವನು. 1862ರಲ್ಲಿ ಕಲ್ಕತ್ತೆಗೆ ಬಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಸೇರಿದ. ಇಲ್ಲಿನ, ಅಂದರೆ ಆಗಿನ ತಿರುಚಿನಾಪಳ್ಳಿ ಜಿಲ್ಲೆಯ ಕಲ್ಲು ನೋಡಿದ ಅದೇ ಕಣ್ಣು ಸ್ಪಿತಿಗೂ ಹೋಗಿ ಅಲ್ಲಿನ ಕಪ್ಪು ಶೇಲ್ ನೋಡಿತು. 1874ರ ಜೂನ್‌ನಲ್ಲಿ ಯಾರ್ಕಂದ್ ಯಾತ್ರೆಯಿಂದ ವಾಪಸಾಗುವಾಗ ಎತ್ತರದ ಗಾಳಿ ತಡೆಯದೆ ಲಡಾಖಿನ ಮುರ್ಗೋದಲ್ಲಿ ತೀರಿಕೊಂಡ. ವಯಸ್ಸು 36. ಸಮಾಧಿ ಲೇಹ್‌ನಲ್ಲಿದೆ.

ಇನ್ನೊಂದು ಕಡಲು ಕಛ್‌ನಲ್ಲಿದೆ, ಜುರಾಸಿಕ್ ಕಾಲದ್ದು. ಅಲ್ಲಿನ ಧೋಸಾ ಊಲೈಟ್ ಎಂಬ ಪದರದಲ್ಲಿ ಅಮೊನೈಟುಗಳು ಇಡಿಕಿರಿದಿವೆ. 1873–75ರಲ್ಲಿ ಭೂವಿಜ್ಞಾನಿ ವಿಲ್ಹೆಲ್ಮ್ ವಾಗೆನ್ ಅವನ್ನು ವರ್ಣಿಸಿ ದೊಡ್ಡ ಗ್ರಂಥ ಬರೆದ. ಅವುಗಳ ಹತ್ತಿರದ ನೆಂಟರು ಇರುವುದು ಮಡಗಾಸ್ಕರಿನಲ್ಲಿ. ಆಗ ಕಛ್ ಮತ್ತು ಮಡಗಾಸ್ಕರ್ ಒಂದೇ ಕಡಲಿನ ಎರಡು ದಡ.

ಈ ಎರಡೂ ಕಡೆ ಅಲೆ ಇಲ್ಲ. ನಾವು ಎತ್ತದೆ ಬಿಟ್ಟ ಕಲ್ಲು ಮುಂದಿನ ವರ್ಷವೂ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಮುಂದೆ ಬರುವ ವಿದ್ಯಾರ್ಥಿಗೆ ವಿಳಾಸದ ಸಮೇತ ಸಿಗುತ್ತದೆ. ಅದಕ್ಕೆ ನಾನು ಕಾರೈಗೆ ಹೋದಾಗ ಫೋಟೋ ತೆಗೆದು, ಪಕ್ಕದಲ್ಲಿ ಅಳತೆಗೆ ಒಂದು ಪೆನ್ನು ಇಟ್ಟು, ಮೊಬೈಲಿನಲ್ಲಿ ಜಾಗ ಗುರುತು ಹಾಕಿಕೊಂಡು ಬಂದೆ. ಕೈ ತುರಿಸಿತು, ಸುಳ್ಳು ಹೇಳುವುದಿಲ್ಲ. ಖಾಸಗಿ ಹೊಲವಾದರೆ ಮಾಲೀಕರನ್ನು ಕೇಳಬೇಕು, ಗಣಿಯೊಳಗೆ ಅನುಮತಿ ಇಲ್ಲದೆ ಕಾಲಿಡಬಾರದು.

ಸ್ಪಿತಿಗೆ ಬೈಕಿನಲ್ಲಿ ಹೋಗುವ ನಮ್ಮ ಹುಡುಗರಿಗೆ ಒಂದು ಮಾತು. ಲಾಂಗ್ಜಾ ಊರಿನಲ್ಲಿ ಮಕ್ಕಳು ಅಂಗೈಯಲ್ಲಿ ಅಮೊನೈಟ್ ಹಿಡಿದು ಬರುತ್ತಾರೆ. ಪಾಪ ಅನ್ನಿಸುತ್ತದೆ, ಕೊಳ್ಳೋಣ ಅನ್ನಿಸುತ್ತದೆ. ಹಾಗೆ ಕೊಂಡ ಪ್ರತಿ ಕಲ್ಲೂ ಇನ್ನೊಂದು ಕಲ್ಲನ್ನು ಪದರದಿಂದ ಕೀಳಿಸುತ್ತದೆ. ಅಲ್ಲಿನ ಮನೆಯಲ್ಲಿ ಉಳಿದುಕೊಳ್ಳಿ, ಊಟ ಮಾಡಿ, ದಾರಿ ತೋರಿಸುವವರಿಗೆ ದುಡ್ಡು ಕೊಡಿ. ಕೈಯಲ್ಲಿ ಒಂದು ಅಮೊನೈಟ್ ಇರಲೇಬೇಕು ಅನ್ನಿಸಿದರೆ ಅರ್ಧ ಕೊಯ್ದು ಮೆರುಗು ಕೊಟ್ಟ ಮಡಗಾಸ್ಕರಿನವು ಅಂಗಡಿಗಳಲ್ಲಿ ಸಿಗುತ್ತವೆ. ಎರಡು ಹೋಳು ಒಂದರ ಮೇಲೊಂದು ಇಟ್ಟಾಗ ಕೋಣೆಗಳು ಹೊಂದಬೇಕು. ಮೊರಾಕೋದ್ದು ಅಂತ ಕೊಡುವ ಕೆಲವು ಕಲ್ಲುಗಳಲ್ಲಿ ಸುರುಳಿಯನ್ನು ಕೈಯಿಂದಲೇ ಕೆತ್ತಿರುತ್ತಾರೆ, ಏಣುಗಳೆಲ್ಲ ಒಂದೇ ಅಳತೆಯಲ್ಲಿ ಇದ್ದರೆ ಅನುಮಾನ ಪಡಿ.

ತಂದ ಮೇಲೆ ಇಟ್ಟುಕೊಳ್ಳುವುದೂ ಒಂದು ಕೆಲಸ. ಗೆಳೆಯನೊಬ್ಬ ಇಂಗ್ಲೆಂಡಿನಿಂದ ಒಂದು ಪೈರೈಟ್ ಅಮೊನೈಟ್ ತಂದುಕೊಟ್ಟಿದ್ದ. ತೀರ್ಥಹಳ್ಳಿಯ ಮನೆಯ ಗೂಡಿನಲ್ಲಿ ಇಟ್ಟೆ. ಎರಡು ಮಳೆಗಾಲ ಕಳೆಯಿತು. ಮೂರನೆಯ ವರ್ಷ ನೋಡಿದರೆ ಸುರುಳಿಯ ಮೇಲೆ ಬೂದು ಹಿಟ್ಟು, ಮೂಗಿಗೆ ಹುಳಿ ಹುಳಿ ಗಂಧಕದ ವಾಸನೆ, ಕೆಳಗಿಟ್ಟ ಕಾಗದ ಸುಟ್ಟ ಹಾಗೆ ಕಂದು. ಪೈರೈಟ್ ತೇವದ ಗಾಳಿಗೆ ಸಿಕ್ಕರೆ ಆಮ್ಲವಾಗಿ ತನ್ನನ್ನೇ ತಿನ್ನುತ್ತದೆ. 19 ಕೋಟಿ ವರ್ಷ ಕೆಸರಿನೊಳಗೆ ಕೆಡದೆ ಇದ್ದದ್ದು ಮಲೆನಾಡಿನ ಮೂರು ವರ್ಷ ತಡೆಯಲಿಲ್ಲ. ಗಾಳಿಯಾಡದ ಡಬ್ಬಿ, ಜೊತೆಗೆ ಹೊಸ ಶೂ ಪೆಟ್ಟಿಗೆಯಲ್ಲಿ ಬರುವ ಆ ಸಿಲಿಕಾ ಜೆಲ್ ಪೊಟ್ಟಣ ಎರಡು ಹಾಕಿದ್ದರೆ ಸಾಕಿತ್ತು.

ಕೊನೆಯ ಅಮೊನೈಟುಗಳು ಹೋದದ್ದು 6.6 ಕೋಟಿ ವರ್ಷದ ಹಿಂದೆ, ಡೈನೋಸಾರುಗಳ ಜೊತೆಯಲ್ಲೇ. ಮೆಕ್ಸಿಕೋದ ಯುಕಟಾನಿನಲ್ಲಿ ಬಿದ್ದ ಕ್ಷುದ್ರಗ್ರಹವೇ ಮುಖ್ಯ ಕಾರಣ ಅಂತ ಹೆಚ್ಚಿನವರು ಒಪ್ಪುತ್ತಾರೆ. ಸಮುದ್ರದ ಮೇಲ್ಪದರ ಹುಳಿಯಾಯಿತು, ಅಲ್ಲಿನ ಸಣ್ಣ ಸಣ್ಣ ಆಹಾರ ಅಳಿಯಿತು. ಅಮೊನೈಟ್ ಮರಿಗಳು ಸಾಸಿವೆ ಕಾಳಿನಷ್ಟು ಸಣ್ಣವು, ಆ ಮೇಲ್ಪದರದಲ್ಲೇ ತೇಲುತ್ತಿದ್ದವು. ನಾಟಿಲಸ್ ಆಳದ ಪ್ರಾಣಿ, ಅದರ ಮೊಟ್ಟೆ ದೊಡ್ಡದು, ಮರಿಯೂ ದೊಡ್ಡದು. ಅದು ಉಳಿಯಿತು.

ಅದೇ ಹೊತ್ತಿನಲ್ಲಿ ಇನ್ನೊಂದು ಅನಾಹುತವೂ ನಡೆಯುತ್ತಿತ್ತು. ಪಶ್ಚಿಮ ಭಾರತದಲ್ಲಿ ನೆಲ ಬಿರಿದು ಲಾವಾ ಹರಿಯುತ್ತಿತ್ತು, ಪದರದ ಮೇಲೆ ಪದರ, ಕ್ಷುದ್ರಗ್ರಹ ಬೀಳುವ ಮೊದಲೂ, ಬಿದ್ದ ಮೇಲೂ. ಅಳಿವಿನಲ್ಲಿ ಇದರ ಪಾಲೆಷ್ಟು ಅನ್ನುವ ಚರ್ಚೆ ಇನ್ನೂ ಬಿಸಿಯಾಗಿದೆ. ಆ ಲಾವಾ ಬೆಳಗಾವಿ, ವಿಜಯಪುರ, ಬೀದರಿನವರೆಗೂ ಬಂತು. ಕರ್ನಾಟಕದಲ್ಲಿ ಅಮೊನೈಟ್ ಇಲ್ಲ ಅಂದೆನಲ್ಲ, ಅವು ಮುಗಿದ ಕಾಲದ ಕಲ್ಲು ಮಾತ್ರ ಬೇಕಾದಷ್ಟಿದೆ. ಗೋಲಗುಮ್ಮಟಕ್ಕೆ ಹೋದರೆ ಒಳಗೆ ಹೋಗಿ ಕೂಗುವ ಮೊದಲು ಹೊರಗಿನ ಗೋಡೆಯನ್ನೊಮ್ಮೆ ಮುಟ್ಟಿ ನೋಡಿ. ಬೂದುಗಪ್ಪು ಕಲ್ಲು, ಮಧ್ಯಾಹ್ನದ ಬಿಸಿಲಿಗೆ ಚೆನ್ನಾಗಿ ಕಾದಿರುತ್ತದೆ.